ಮಡಚಿದರೆ ಇಷ್ಟೇ

ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಎಂಜಿನಿಯರಿಂಗ್ ಮೇಷ್ಟ್ರು. ನಡೆಯಲಾಗದ ನನ್ನ ಅಕ್ಕನಿಗಾಗಿ ಅವರು ಹಗುರವಾದ ಗಾಲಿಕುರ್ಚಿಯೊಂದನ್ನು ತಯಾರಿಸಿದ್ದರು. ನಮ್ಮ ಮನೆಗೆ ಯಾರೇ ಬರಲಿ, ಅವರು ಬಂದು ಅಕ್ಕನನ್ನು ಅದರಿಂದ ಇಳಿಸಿ ಸೋಫಾದಲ್ಲಿ ಕೂರಿಸುತ್ತಿದ್ದರು. ಕುರ್ಚಿಯನ್ನು ಒಂದೇ ಕೈಯಲ್ಲಿ ಮಡಚಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, "ಮಡಚಿದರೆ ಇಷ್ಟೇ ಮಾರಾಯ್ರೆ!" ಎನ್ನುತ್ತಿದ್ದರು. ಅಕ್ಕ ಅದರಲ್ಲಿ ಕುಳಿತಿರುವಾಗ ಅವರು ಅದನ್ನು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಅಕ್ಕನಿಗೆ ಬಂಟ್ವಾಳದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಹೋಗಿಬರಲು ಆದರೆ ಮಾತ್ರ ಆ ಕೆಲಸ ಉಳಿಯುತ್ತಿತ್ತು. ಮೊದಲ ದಿನ ಮೇಷ್ಟ್ರೇ ನಮ್ಮ ಜೊತೆ ಹೊರಟರು. ಬಸ್ಸು ಬಂದಾಗ ನಾವಿಬ್ಬರೂ ಅಕ್ಕನನ್ನು ಎತ್ತಿ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದೆವು. ಅವರು ಕುರ್ಚಿ ಮಡಚಿ, ಬಸ್ಸು ಹತ್ತಿ, ಕಂಡಕ್ಟರಿಗೆ ತೋರಿಸಿದರು: "ಮಡಚಿದರೆ ಇಷ್ಟೇ ಮಾರಾಯ್ರೆ!"

ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. "ರೈಟ್, ಪೋಯಿ" ಎಂದ ಕಂಡಕ್ಟರ್. ಬಸ್ಸು ಹೊರಟೇಹೋಯಿತು. ನಾನು ಅಕ್ಕನ ಭುಜ ಹಿಡಿದು ನಿಂತಿದ್ದೆ.

ದಾರಿ ಮಧ್ಯದ ಸಿದ್ಧಕಟ್ಟೆಯಿಂದ ಮೇಷ್ಟ್ರ ಫೋನ್ ಬಂತು. "ಹೆದರಬೇಡಿ, ಕುರ್ಚಿ ಸೇಫ್ ಉಂಟು. ಸೀಟಿನ ಹಿಂದೆ ಎಷ್ಟು ಚಂದ ಕೂತಿದೆ ಗೊತ್ತುಂಟಾ? ಬಸ್ಸಿನವರಿಗೆಲ್ಲ ಭಾರೀ ಖುಷಿ!"

ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಸರ್, ಇನ್ನು ಇಳಿಯಬೇಡಿ. ಹಾಗೇ ಬಂಟ್ವಾಳಕ್ಕೆ ಹೋಗಿ ಆ ಕುರ್ಚಿಯನ್ನೇ ಕೆಲಸಕ್ಕೆ ಸೇರಿಸಿಬಿಡಿ. ನಾನು ಎಲ್ಲಿ ಅಂತ ಅವರು ಕೇಳಿದರೆ, ಮಡಚಿದರೆ ಇಷ್ಟೇ ಅಂತ ಹೇಳಿ."