ಒಂಟೆ ಮುಟ್ಟದ ಗಿಡ

ಟೀಚರ್ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರುಗಪ್ಪಾಗಿರುತ್ತಿತ್ತು. ಕಂಡ ಎಲೆಯನ್ನೆಲ್ಲ ಅದರಿಂದ ಸೀಳಿ, ಮೂಸಿ, ನಾಲಗೆಗೆ ತಾಗಿಸಿ ಉಗುಳುತ್ತಿದ್ದರು. ಮಂಗಳೂರು ಕಡೆಯ ಕೊಂಕಣಿ ಹೆಂಗಸು. ದುಬೈಯ ಅಲ್ ಕುಸೈಸ್‌ನ ಶಾಲೆಯಲ್ಲಿ ನನ್ನ ಕಿರಿಮಗಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ನಾನು ತೋಟದ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅಬುಧಾಬಿ ದಾರಿಯ ಕಡಲ ಬದಿಯಲ್ಲಿ ಹೋಟೆಲೊಂದರ ತೋಟ ಮಾಡುತ್ತಿದ್ದಾಗ, ಅಲ್ಲಿನ ರಜಾದಿನವಾದ ಶುಕ್ರವಾರ ಅವರು ಚರ್ಚ್ ಮುಗಿಸಿ, ಸನ್ನಾ ಎಂಬ ಅಕ್ಕಿಯ ಇಡ್ಲಿ ತುಂಬಿದ ಡಬ್ಬಿಯೊಂದಿಗೆ ಗಿಡ ನೋಡಲೆಂದು ನನ್ನ ಪಿಕಪ್ ಹತ್ತುತ್ತಿದ್ದರು.

ಗಿಡಗಳನ್ನು ದುಂಡಗೆ ಕತ್ತರಿಸುವ ನನ್ನ ಕೆಲಸ ಕಂಡರೆ ಅವರಿಗೆ ತಮಾಷೆ. “ನಿಮ್ಮ ಕೈಗೆ ಸಿಕ್ಕಿದ್ದೆಲ್ಲ ಉಂಡೆ ಆಗ್ತದೆ. ದೇವರು ಗಿಡ ಮಾಡಿದ್ದು, ಲಡ್ಡು ಅಲ್ಲ ಮಾರಾಯ್ರೇ.”

ಆ ಜಾಗದ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕುರುಚಲು ಗಿಡವಿತ್ತು. ನೋಡಲು ಎಲ್ಲೆಲ್ಲೂ ಬೆಳೆಯುವ ಸಾದಾ ಜಾತಿಯಂತೆಯೇ. ಟೀಚರಿಗೆ ಮಾತ್ರ ಅದು ಬೇರೆ, ಈ ಕರಾವಳಿಯಲ್ಲಿ ಯಾರೂ ಕಂಡಿಲ್ಲದ ಅಪರೂಪದ ಜಾತಿ ಎಂಬ ಗುಮಾನಿ. ಎಲೆ ಎರಡಕ್ಕೂ ಒಂದೇ; ಹೂವೇ ಸಾಕ್ಷಿ ಹೇಳಬೇಕು. ಇನ್ನೊಂದು ಗುರುತೂ ಇತ್ತು. ಸಾದಾ ಜಾತಿಯನ್ನು ಒಂಟೆ ಬುಡದವರೆಗೆ ಮೇಯುತ್ತದೆ. ಇದನ್ನು ಮೂಸಿ ಮುಂದೆ ಹೋಗುತ್ತಿತ್ತು.

ಮೊಗ್ಗು ಬಂತು. ಅಬುಧಾಬಿಯ ತಜ್ಞರೊಬ್ಬರು ಬಂದು ನೋಡಲು ಒಪ್ಪಿದರು. ಅವರು ಹೌದೆಂದರೆ ಆ ಮೂಲೆ ಹಾಗೇ ಉಳಿಯುತ್ತಿತ್ತು. ಅಲ್ಲಿವರೆಗೆ ಕಾಯುವ ಮಾತು ಕೊಟ್ಟವನು ನಾನು.

ಅದೇ ವಾರ ಹೋಟೆಲಿನ ಮಾಲೀಕರು ಬರುವವರಿದ್ದರು. ದೊಡ್ಡವರು ಬರುವ ಮೊದಲು ಇದ್ದದ್ದನ್ನೆಲ್ಲ ಉರುಟಾಗಿ ಕತ್ತರಿಸುವುದು ನಮ್ಮಲ್ಲಿ ಕ್ರಮ. ಮೂಲೆ ಗಲೀಜಾಗಿದೆ ಎಂದು ಕಂಪನಿಯ ಇಂಜಿನಿಯರ್ ಬೈದಾನೆಂಬ ಹೆದರಿಕೆಯಲ್ಲಿ ನಾನೇ ಕತ್ತರಿಸುವ ಯಂತ್ರ ಹಿಡಿದೆ. ಮೊಗ್ಗೆಲ್ಲ ಕಸದ ಲಾರಿಗೆ ಹೋಯಿತು. ಶುಕ್ರವಾರ ಟೀಚರ್ ಬರುವ ಮುಂಚೆ, ಕತ್ತರಿಯ ಗುರುತು ಕಾಣದಂತೆ ತುದಿಗಳನ್ನು ಕೈಯಿಂದ ಮುರಿದು ಜಜ್ಜಿಟ್ಟೆ.

ಒಂಟೆ ತಿಂದಿತು ಎಂದೆ. ಅವರು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ನೋಡಿದರು.

“ನೀವು ಕಂಡದ್ದಾ ಅಣ್ಣಾ?”

“ಕಣ್ಣಾರೆ ಕಂಡೆ ಟೀಚರ್.”

ಅವರು ಎದ್ದು ಸೀರೆಯ ಮರಳು ಕೊಡವಿಕೊಂಡರು. “ಒಂಟೆ ತಿಂತದೆ ಅಂತಾದ್ರೆ ಇದು ಸಾದಾ ಜಾತಿಯೇ. ನಾನು ಆಸೆಪಟ್ಟು ನೋಡಿದ್ದು.” ನನ್ನೆದುರೇ ತಜ್ಞರಿಗೆ ಫೋನ್ ಮಾಡಿ, ಬರುವುದು ಬೇಡ ಎಂದರು. ಇದನ್ನು ಕೀಳಬಹುದೇ ಎಂದು ನಾನು ಕೇಳಿದೆ. ಹೌದು, ಅದನ್ನೂ ಕೇಳಿದೆ. “ಕೀಳಿ” ಎಂದರು. ಮರುದಿನ ಅಲ್ಲಿ ಹುಲ್ಲುಹಾಸು ಹಾಕಿದೆವು.

ಕೆಲವು ವಾರಗಳ ಬಳಿಕ ಮಗಳು ಶಾಲೆಯಿಂದ ಕುಣಿಯುತ್ತಾ ಬಂದಳು. “ಅಪ್ಪಾ, ಟೀಚರ್ ಕ್ಲಾಸಲ್ಲಿ ನಿಮ್ಮ ಸ್ಟೋರಿ ಹೇಳಿದ್ರು.” ತಾನು ಒಂದು ಗಿಡದ ವಿಷಯದಲ್ಲಿ ಎಡವಿದ್ದಾಗಿ ಅವರು ಮಕ್ಕಳೆದುರು ಒಪ್ಪಿಕೊಂಡಿದ್ದರು; ಕಣ್ಣಾರೆ ಕಂಡ ಇವಳ ಅಪ್ಪ ತಿದ್ದಿದರು ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದರು. ನಾನು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡೆ.

ಆಮೇಲೂ ಗಿಡ ನೋಡಲು ಹೋಗೋಣವೆಂದು ಟೀಚರ್ ಕರೆದರು. ನಾನು ರಜೆ ಇಲ್ಲ ಎಂದೆ. ನಿವೃತ್ತರಾಗಿ ಊರಿಗೆ ಹೋದ ಎರಡನೇ ವರ್ಷ ತೀರಿಕೊಂಡರು. ಅದು ಯಾವ ಜಾತಿಯೋ ಇನ್ನು ಯಾರೂ ಹೇಳಲಾರರು. ತನ್ನ ಕಣ್ಣು ತಪ್ಪಿತೆಂದೇ ನಂಬಿ ಅವರು ಹೋದರು. ಒಂಟೆ ಆ ಗಿಡವನ್ನು ಮುಟ್ಟಿಯೇ ಇರಲಿಲ್ಲ.