ಎರ್ಮಿನಿಯಾ ಏಳಲಿಲ್ಲ

ಎರ್ಮಿನಿಯಾ ವೇರಾಳಿಗೆ ಏಳು ಎಂದರೆ ಕೂರುವ, ಕೂರು ಎಂದರೆ ಏಳುವ ಗುಣ ಹುಟ್ಟಿನಿಂದಲೇ ಬಂದದ್ದು. ಅರ್ಜೆಂಟೀನಾದ ಲಾ ರಿಯೋಹಾ ಸೀಮೆಯಲ್ಲಿ, ಕೆಂಪು ಕಮರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಚಾಲಕರ ನಡುವೆ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ. ಗಂಡ ಸತ್ತಾಗ ಚಾಲಕರ ಸಂಘದ ಅಧ್ಯಕ್ಷ ರೊಸೆಂದೊ, ವ್ಯಾನು ಮಾರಿಬಿಡು ಎಂದು ಬುದ್ಧಿ ಹೇಳಿದ್ದ. "ಮಾರ್ತೀನಿ, ನೀನು ನಿನ್ ಮೀಸೆ ಮಾರಿದ್ ದಿನ," ಎಂದವಳು ಮರುದಿನವೇ ಸ್ಟೀರಿಂಗ್ ಹಿಡಿದಳು. ಇವಳು ಎಂದು ಎಡವುತ್ತಾಳೋ ಎಂದು ಅವನು ಅಂದಿನಿಂದ ಕಾಯುತ್ತಲೇ ಇದ್ದ.

ಕಮರಿ ಸರ್ಕಾರದ ಉದ್ಯಾನವಾಗುವ ಮೊದಲು ಅವಳ ತಾಯಿ ಅಲ್ಲಿ ಮೇಕೆ ಮೇಯಿಸುತ್ತಿದ್ದಳು. ಎರ್ಮಿನಿಯಾ ಹುಟ್ಟಿದ್ದು ಅಲ್ಲಿನ ದೊಡ್ಡ ಕಲ್ಲುಗೋಡೆಯ ಬುಡದಲ್ಲೇ. ಬಾಣಂತಿ ಉಳಿದಳಲ್ಲ, ಆ ಹರಕೆಗೆ ಗೋಡೆಗೆ ಒತ್ತಿಕೊಂಡಂತೆ ದಿಫುಂತಾ ಕೊರ್ರೆಯಾಳಿಗೆ ಒಂದು ಕಲ್ಲಿನ ಗೂಡು ಕಟ್ಟಿದರು. ಗಂಡನನ್ನು ಹುಡುಕಿಕೊಂಡು ಎಳೆಗೂಸಿನೊಂದಿಗೆ ಮರುಭೂಮಿಗೆ ಇಳಿದು ಬಾಯಾರಿ ಸತ್ತ ಪುಣ್ಯವತಿ ಆಕೆ. ಸತ್ತ ಆಕೆಯ ಎದೆಹಾಲು ಕುಡಿದೇ ಆ ಕೂಸು ಬದುಕಿತಂತೆ. ಆ ಸೀಮೆಯಲ್ಲಿ ಗಾಡಿ ಓಡಿಸುವವರು ಆಕೆಯ ಗೂಡಿನ ಮುಂದೆ ಬಾಟಲಿ ತುಂಬ ನೀರಿಟ್ಟೇ ಮುಂದೆ ಹೋಗುತ್ತಾರೆ. ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ.

ಆ ಸಲ ಅವಳ ವ್ಯಾನು ಹತ್ತಿದವರು ಬ್ಯೂನಸ್ ಐರಿಸ್‌ನ ಫೋಟೋಗ್ರಾಫರ್‌ಗಳು. ಮುಂದಾಳು ಬಾಲ್ಬಿ, ಕ್ಯಾಲೆಂಡರ್ ಫೋಟೋ ತೆಗೆಯುವುದರಲ್ಲಿ ಹೆಸರುವಾಸಿ. ಮೊದಲ ಬಿಸಿಲಿಗೆ ಗೋಡೆ ಕೆಂಡವಾಗುವ ಗಳಿಗೆಗಾಗಿ ಎಲ್ಲರೂ ಕ್ಯಾಮೆರಾ ನಿಲ್ಲಿಸಿಕೊಂಡು ಕಾದಿದ್ದರು. ಎರ್ಮಿನಿಯಾ ವ್ಯಾನಿಗೆ ಒರಗಿ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಿದ್ದಳು.

"ಅಮ್ಮಾ, ಆ ಪ್ಲಾಸ್ಟಿಕ್ ಬಾಟ್ಲಿಗಳ್ನ ಬಂಡೆ ಹಿಂದೆ ಎಸೆದ್ಬಿಡಿ. ಫೋಟೋ ಕೆಡ್ತಿದೆ," ಎಂದ ಬಾಲ್ಬಿ.

"ಅದು ಕಸ ಅಲ್ಲ ಸ್ವಾಮಿ. ಆಯಮ್ಮನ ನೀರು."

"ಆಮೇಲೆ ವಾಪಸ್ ಇಟ್ರಾಯ್ತಮ್ಮ. ನಂಗೆ ಮನುಷ್ಯರ ಸುಳಿವೇ ಬೇಡ. ಯಾರೂ ಕಾಲಿಡದ ಜಾಗ ಅನ್ನಿಸ್ಬೇಕು."

ಯಾರೂ ಕಾಲಿಡದ ಜಾಗವಂತೆ! ಅವಳ ತಾಯಿ ನೋವು ತಿಂದು ಅವಳನ್ನು ಹೆತ್ತ ಜಾಗ ಅದು. ಎರ್ಮಿನಿಯಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಲ್ಬಿ ತಾನೇ ಬಾಟಲಿಗಳ ಕಡೆ ಹೊರಟ. ಅವಳು ದಾಪುಗಾಲು ಹಾಕಿ ಅವನಿಗಿಂತ ಮೊದಲು ತಲುಪಿ, ಅಗಲ ಅಂಚಿನ ಟೋಪಿ ಸರಿಮಾಡಿಕೊಂಡು, ಗೂಡಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳ್ರೀ, ಬೆಳಕು ಬರ್ತಿದೆ!"

"ಬರ್ಲಿ. ಅದಕ್ಕಿಂತ ಮುಂಚೆ ಬಂದೋಳು ನಾನು."

"ಸಂಘಕ್ಕೆ ದೂರು ಕೊಡ್ತೀನಿ. ನಾಳೆಯಿಂದ ನಿಮಗೆ ಕೆಲ್ಸ ಇರಲ್ಲ, ನೆನಪಿರ್ಲಿ."

"ಕೊಡಿ. ಹೆಸ್ರು ಎರ್ಮಿನಿಯಾ ವೇರಾ. ಹುಟ್ಟಿದೂರು ಕೇಳಿದ್ರೆ ಈ ಗೋಡೆ ತೋರ್ಸಿ."

ಬಿಸಿಲು ಬಂದೇಬಂತು. ಬೆಳಕು ಯಾರಿಗೂ ಕಾಯುವುದಿಲ್ಲ. ಬಾಲ್ಬಿ ಹಲ್ಲು ಕಡಿಯುತ್ತಲೇ ಕ್ಲಿಕ್ಕಿಸಿದ. ಕೆಲಸ ಹೋದರೆ ಹೊಟ್ಟೆಗೇನು ಎಂಬ ಭಯ ಎರ್ಮಿನಿಯಾಳಿಗಿರಲಿಲ್ಲವೆಂದಲ್ಲ. ಆದರೂ ಬಿಸಿಲು ಬೆಳ್ಳಗಾಗುವ ತನಕ ಅವಳು ಅಲ್ಲಾಡಲಿಲ್ಲ.

ಸಂಘದ ಕಚೇರಿಯಲ್ಲಿ, ಎರ್ಮಿನಿಯಾಳ ಎದುರಿಗೇ, ಬಾಲ್ಬಿಯ ದೂರನ್ನು ರೊಸೆಂದೊ ಮೀಸೆ ತಿರುವುತ್ತ, ಹಬ್ಬದೂಟ ಸಿಕ್ಕವನಂತೆ ಕೇಳಿದ. ಬಾಟಲಿಯ ಮಾತು ಬಂದಾಗ ಕೈ ಮೀಸೆಯಲ್ಲೇ ನಿಂತಿತು.

"ಯಾರ್ ನೀರು ತೆಗೀಬೇಕು ಅಂದ್ರಿ?"

ಬಾಲ್ಬಿ ಇನ್ನೊಮ್ಮೆ ಹೇಳಿದ. ರೊಸೆಂದೊ ಎದ್ದು ಬಾಗಿಲು ತೆರೆದ. "ಆಕೆ ನೀರಿಗೆ ಕೈ ಹಾಕೋಕೆ ಹೋದೋರ್ನ ನಮ್ಮ ಯಾವ್ ಗಾಡಿನೂ ಹತ್ತಿಸ್ಕೊಳಲ್ಲ. ಬಸ್ಸು ಸಂಜೆಗಿದೆ." ಆಮೇಲೆ ಎರ್ಮಿನಿಯಾಳತ್ತ ತಿರುಗಿ, "ನಿನ್ ಪರ ಮಾತಾಡ್ದೆ ಅಂದ್ಕೋಬೇಡ," ಎಂದ.

"ನೀನ್ ಮಾತಾಡ್ಲಿ ಅಂತ ಯಾರ್ ಕಾಯ್ತಿದ್ರು?" ಎಂದಳು ಅವಳು.

ಹೊಸ ವರ್ಷಕ್ಕೆ ಬಾಲ್ಬಿಯ ಕ್ಯಾಲೆಂಡರ್ ಆ ಊರಿನ ಅಂಗಡಿಗೂ ಬಂತು. ಒಂದು ಹಾಳೆಯಲ್ಲಿ ಅದೇ ಗೋಡೆ, ನಿಗಿನಿಗಿ ಕೆಂಪು. ಅವಳಿಲ್ಲ, ಗೂಡಿಲ್ಲ, ಬಾಟಲಿಯೂ ಇಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿಹಾಕಿದ್ದ. ರೊಸೆಂದೊ ಅದನ್ನು ತಂದು ಸಂಘದ ಮೇಜಿನ ಮೇಲೆ ಹರಡಿ ಗಹಗಹಿಸಿದ. "ನೋಡೇ, ಕೊನೆಗೂ ಎಬ್ಬಿಸ್ಬಿಟ್ಟ ನಿನ್ನ!"

ಅವಳ ಮುಖ ಚಿಕ್ಕದಾಯಿತು. ಚಾಲಕರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಚಿತ್ರವನ್ನು ಇನ್ನೊಮ್ಮೆ ನೋಡಿದಳು, ಹಾಗೇ ನೋಡುತ್ತಲೇ ಇದ್ದಳು.

ಗೋಡೆಯ ಮೇಲೆ ಅಗಲ ಟೋಪಿಯ ಒಂದು ನೆರಳಿತ್ತು. ಅದರ ಪಕ್ಕದಲ್ಲಿ ಬಾಟಲಿಯ ನೀರು ದಾಟಿ ಬಂದ ಬಿಸಿಲು ಸಣ್ಣ ಸಣ್ಣ ಚುಕ್ಕಿಗಳಾಗಿ ಹೊಳೆಯುತ್ತಿತ್ತು. ಕಲ್ಲಿನ ಕಲೆಯೆಂದುಕೊಂಡನೋ ಏನೋ, ಬಾಲ್ಬಿ ಅವನ್ನು ಒರೆಸಿರಲಿಲ್ಲ.

"ಎಲ್ಲೋ ಎಬ್ಬಿಸಿದಾನೆ?" ಎಂದು ಎರ್ಮಿನಿಯಾ ಆ ಹಾಳೆಯನ್ನು ಪರ್ರನೆ ಹರಿದುಕೊಂಡಳು. "ಕನ್ನಡಕ ಹಾಕ್ಕೊಂಡ್ ನೋಡು ರೊಸೆಂದೊ. ಕೂತೇ ಇದೀನಿ."