ಎಡಗಡೆಯ ಬ್ರೇಕ್

ಕಿರ್ರ್, ಟಕ್. ತುಕ್ಕು ಹಿಡಿದ ಸ್ಪ್ರಿಂಗ್ ಕುಗ್ಗಿ ಮತ್ತೆ ಮೇಲೇಳುವ ಸದ್ದು. ಎಷ್ಟೋ ವರ್ಷ ಪ್ರತಿ ಭಾನುವಾರ ನಾನು ಕೇಳಿದ ಸದ್ದು ಅದು.

ನನ್ನ ಗಂಡ ಲಾರೆನ್ಸ್ ಪಡೀಲಿನಲ್ಲಿ ಸಣ್ಣದೊಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಇದ್ದದ್ದು ಒಂದೇ ಕಾರು. ಅಂಥ ಕಾರುಗಳಲ್ಲಿ ಕಲಿಸುವವರು ಕೂರುವ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಗಾಬರಿಯಾದರೆ ಒತ್ತಲಿಕ್ಕೆ. ಚರ್ಚಿಗೆ ಹೋಗುವಾಗ ಆ ಸೀಟು ನನ್ನದು. "ಕಾಲು ಅದರ ಮೇಲೆ ಇರ್ಲಿ, ಒತ್ತುವುದು ಬೇಡ. ಇದ್ರೆ ಸಾಕು," ಎನ್ನುತ್ತಿದ್ದರು. ಕಾಲು ಇಟ್ಟು ತೆಗೆದರೆ ಸಾಕು, ಅದರ ಸ್ಪ್ರಿಂಗ್ ಆ ಸದ್ದು ಮಾಡುತ್ತಿತ್ತು. ಮಳೆಯಲ್ಲಿ ಹೇಗೆ ಒತ್ತಬೇಕೆಂದು ಮಾತ್ರ ಒಮ್ಮೆ ತೋರಿಸಿಕೊಟ್ಟಿದ್ದರು: ಮೆಲ್ಲಗೆ ಒಂದು ಸಲ, ಇನ್ನೊಂದು ಸಲ, ಮೂರನೆಯದು ಗಟ್ಟಿಯಾಗಿ ಹಿಡಿದು. ಕಾರಿನ ವಿಷಯದಲ್ಲಿ ನನ್ನ ವಿದ್ಯೆ ಅಷ್ಟೇ.

ಫ್ರ್ಯಾಂಕ್ ಆಗಿ ಹೇಳುತ್ತೇನೆ, ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ನಮ್ಮ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, ಭಯವಾದಾಗ ಮೊದಲು ಲೈಟ್ ಹಾಕಿ, ಆಮೇಲೆ ಕಾರಣ ಹುಡುಕಿ ಎಂದು ಹೇಳಿಕೊಟ್ಟಿದ್ದರು. ನಾನೂ ಟೀಚರ್ ಆದ ಮೇಲೆ ಹಾಸ್ಟೆಲಿನ ದೆವ್ವದ ಕಥೆ ತಂದ ಹುಡುಗಿಯರಿಗೆ "ನಾನ್ಸೆನ್ಸ್" ಎಂದು ಹೇಳಿ ಕಳಿಸುತ್ತಿದ್ದೆ. ಆ ಹುಡುಗಿಯರಲ್ಲಿ ಯಾರಾದರೂ ಇದನ್ನು ಓದಿದರೆ, ಸಾರಿ.

ಲಾರೆನ್ಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನ್ನ ತಮ್ಮ ವಿಲ್ಲಿ ಮೂವತ್ತು ವರ್ಷ ಗಲ್ಫಿನಲ್ಲಿ ಕಂಪನಿಯ ಗಾಡಿ ಓಡಿಸಿ ಊರಿಗೆ ಬಂದು, ಗೇರ್ ಹಾಕುವ ಕೆಲಸವಿಲ್ಲದ ಹೊಸ ಕಾರು ಕೊಂಡಿದ್ದ. ಅದರಲ್ಲಿ ಕ್ರೂಸ್ ಕಂಟ್ರೋಲ್ ಉಂಟು ಎಂದು ಅವನಿಗೆ ಬಹಳ ಹೆಮ್ಮೆ. ಸ್ಟೀರಿಂಗಿನಲ್ಲಿ ಒಂದು ಬಟನ್ ಒತ್ತಿದರೆ ಕಾರು ಅದೇ ವೇಗದಲ್ಲಿ ತಾನಾಗಿ ಹೋಗುತ್ತಿರುತ್ತದೆ, ಆಕ್ಸಿಲರೇಟರ್ ಮೇಲೆ ಕಾಲು ಬೇಡ. ಬ್ರೇಕ್ ಮುಟ್ಟಿದರೆ ಟಿಂಗ್ ಎಂದು ಬಿಟ್ಟುಕೊಳ್ಳುತ್ತದೆ. ಮರಳುಗಾಡಿನ ನೇರ ರಸ್ತೆಗಳಲ್ಲಿ ಅವನಿಗೊಂದು ಅಭ್ಯಾಸ ಬಿದ್ದಿತ್ತು. ಬಟನ್ ಒತ್ತಿ, ಚಪ್ಪಲಿ ಬಿಟ್ಟು, ಬಲಗಾಲನ್ನು ಮಡಚಿ ಎಡತೊಡೆಯ ಅಡಿಯಲ್ಲಿ ಇಟ್ಟುಕೊಳ್ಳುವುದು. ಮನೆಯ ಜಗಲಿಯಲ್ಲಿ ಕೂತ ಹಾಗೆ.

ಕಾರಿನ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಓದಿದವಳು ನಾನು. ಒದ್ದೆ ರಸ್ತೆಯಲ್ಲಿ, ತಿರುವಿನಲ್ಲಿ, ವಾಹನ ಜಾಸ್ತಿ ಇರುವಲ್ಲಿ ಬಳಸಬಾರದು, ಕಾಲು ಬ್ರೇಕಿನ ಹತ್ತಿರವೇ ಇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಓದಿ ಹೇಳಿದೆ.

"ಬಾಯ್, ನೀನು ರಿಟೈರ್ ಆಗಿ ಎಷ್ಟು ವರ್ಷ ಆಯ್ತು? ಇನ್ನೂ ಕ್ಲಾಸ್ ತಗೊಳ್ತಿ," ಎಂದು ನಕ್ಕ. ಅಕ್ಕನನ್ನು ನಾವು ಕೊಂಕಣಿಯಲ್ಲಿ ಬಾಯ್ ಎನ್ನುವುದು.

ಆ ದಿನ ಲಾರೆನ್ಸ್ ಅವರ ವರ್ಷದ ಪೂಜೆ, ಮೂಲ್ಕಿಯ ಹತ್ತಿರ ಅವರ ಊರಿನ ಚರ್ಚಿನಲ್ಲಿ, ಸಂಜೆ ಐದೂವರೆಗೆ. ಜೂನ್ ತಿಂಗಳು, ಮಧ್ಯಾಹ್ನದಿಂದ ಮಳೆ. ನಾವು ಹೊರಡುವಾಗಲೇ ತಡವಾಗಿತ್ತು. ನಮ್ಮವರಿಗೆ ಕಾರಿನಲ್ಲಿ ತೇರ್ಸ್ ಹೇಳುವ ಕ್ರಮ ಉಂಟು, ಜಪಮಾಲೆಯ ಪ್ರಾರ್ಥನೆ. ವಿಲ್ಲಿಗೆ ಅದರಲ್ಲೂ ಒಂದು ಲೆಕ್ಕ.

"ಕೂಳೂರು ಹೊಳೆಯ ಸಂಕದಲ್ಲಿ ಶುರು ಮಾಡಿ ಎಂಬತ್ತರಲ್ಲಿ ಬಿಟ್ರೆ ಮೂಲ್ಕಿಗೆ ಆಮೆನ್. ನೋಡು ಬೇಕಾದ್ರೆ."

"ಮಳೆ ಮಾರಾಯ, ಆ ಬಟನ್ ಬೇಡ."

"ಪೂಜೆಗೆ ಲೇಟ್ ಆದ್ರೆ ಭಾವ ಬಯ್ತಾರೆ," ಎಂದು ಬಟನ್ ಒತ್ತಿದ. ಬಲಗಾಲು ಮಡಚಿ ಮೇಲೆ ಹೋಯಿತು.

ನಾನು ಅರ್ಧ ಪ್ರಾರ್ಥನೆ ಹೇಳುವುದು, ಉಳಿದರ್ಧ ಅವನು. ನನ್ನ ಮನಸ್ಸು ಜಪದಲ್ಲಿರಲಿಲ್ಲ, ಆ ಮಡಚಿದ ಕಾಲಿನ ಮೇಲೆಯೇ ಇತ್ತು. ಕಾಟಿಪಳ್ಳಕ್ಕೆ ತಿರುಗುವಲ್ಲಿಂದ ಸ್ವಲ್ಪ ಮುಂದೆ ಹೋದಾಗ ಮಳೆ ಗೋಡೆಯ ಹಾಗೆ ಬಂತು. ವೈಪರ್ ಒಮ್ಮೆ ಒರೆಸಿದಾಗ ಕಂಡಿತು: ಡಿವೈಡರಿನ ಪಕ್ಕ, ನಮ್ಮದೇ ದಾರಿಯಲ್ಲಿ, ಲೈಟ್ ಇಲ್ಲದೆ ನಿಂತ ಟ್ಯಾಂಕರ್. ಅದರ ಹಿಂದೆ ಒಬ್ಬ ಮನುಷ್ಯ ಬಗ್ಗಿ, ನಿಂತ ಗಾಡಿಯ ಗುರುತಿಗೆಂದು ರಸ್ತೆಯ ಮೇಲೆ ಮರದ ಗೆಲ್ಲು ಇಡುತ್ತಿದ್ದ. ನಡುವೆ ರಸ್ತೆಯಗಲಕ್ಕೂ ನೀರು. ಕಾರಿಗೆ ಅದೊಂದೂ ಗೊತ್ತಿಲ್ಲ, ಅದು ಎಂಬತ್ತರಲ್ಲೇ ಹೋಗುತ್ತಿತ್ತು. ವಿಲ್ಲಿ ಕಾಲು ಎಳೆಯುತ್ತಿದ್ದ. ಜೋಮು ಹಿಡಿದ ಕಾಲು ಬರಲಿಲ್ಲ.

ನಾನು ಬಲಗಾಲು ಚಾಚಿ ಒತ್ತಿದೆ. ಎಡಗಡೆಯಲ್ಲಿ ಕೂತ ಎಲ್ಲರೂ ಗಾಬರಿಯಲ್ಲಿ ಹಾಗೆ ಮಾಡುತ್ತಾರೆ, ಅದು ವಿಶೇಷವಲ್ಲ. ಆದರೆ ನನ್ನ ಪಾದದ ಅಡಿಗೆ ಕಬ್ಬಿಣ ಸಿಕ್ಕಿತು. ಕಿರ್ರ್, ಟಕ್. ಟಿಂಗ್ ಎಂದು ಕ್ರೂಸ್ ಬಿಟ್ಟಿತು. ಮೆಲ್ಲಗೆ ಒಂದು ಸಲ, ಇನ್ನೊಂದು ಸಲ, ಮೂರನೆಯದು ಹಿಡಿದು. ನನ್ನ ಬದಿಯ ಕನ್ನಡಿಯಲ್ಲಿ ಹಿಂದಿನ ನೀರೆಲ್ಲ ಬ್ರೇಕ್ ಲೈಟಿಗೆ ಕೆಂಪಾಗುವುದನ್ನು ನೋಡಿದೆ. ಕಾರು ಅಲುಗದೆ, ಜಾರದೆ, ಗೆಲ್ಲಿನ ಎಲೆಗಳನ್ನು ತಾಗಿ ನಿಂತಿತು.

ಆ ಮನುಷ್ಯ ಬಂದು ಗಾಜು ತಟ್ಟಿದ. "ಎಂತ ಮಾರಾಯ್ರೆ, ಕಣ್ಣು ಉಂಟಾ ನಿಮಗೆ? ನನಗೆ ಮನೆಯಲ್ಲಿ ಮಕ್ಕಳು ಉಂಟು." ಅವನ ಕೈಯಲ್ಲಿ ಇನ್ನೂ ಒಂದು ಗೆಲ್ಲು ಇತ್ತು.

ವಿಲ್ಲಿ ನನ್ನ ಕಡೆ ತಿರುಗಿದ. "ಬಾಯ್, ನಾನು ಒತ್ಲಿಲ್ಲ." ಅವನ ಬಲಗಾಲು ಇನ್ನೂ ತೊಡೆಯ ಅಡಿಯಲ್ಲೇ ಇತ್ತು. ಎಡಗಾಲು, ಅದಕ್ಕೆ ಕೆಲಸವೇ ಇಲ್ಲದ ಕಾರಲ್ಲವೇ, ಮೂಲೆಯಲ್ಲಿ ಬಿದ್ದುಕೊಂಡಿತ್ತು. ನಾನು ಬಗ್ಗಿ ನನ್ನ ಕಾಲಬುಡ ನೋಡಿದೆ. ಹೊಸ ರಬ್ಬರ್ ಮ್ಯಾಟ್. ಕೈಯಿಂದ ತಡವಿದೆ. ಏನೂ ಇರಲಿಲ್ಲ.

ಕಾರಣ ಹುಡುಕದೆ ಬಿಡಲಿಲ್ಲ. ಮರುದಿನ ಮೆಕ್ಯಾನಿಕ್ ಹತ್ತಿರ ಹೋದೆವು. ನೀರಿನಲ್ಲಿ ಚಕ್ರ ಜಾರಿದರೆ ಕ್ರೂಸ್ ತಾನಾಗಿ ಬಿಡುವುದುಂಟು ಎಂದ. ನನಗೆ ಎಷ್ಟು ಸಮಾಧಾನವಾಯಿತು. "ಹಾಗಾದರೆ ನಿಂತದ್ದೂ ಅದೇ?" ಎಂದೆ. "ಇಲ್ಲ ಟೀಚರ್, ಬಿಟ್ಟರೆ ನಿಧಾನ ಆಗ್ತದೆ, ನಿಲ್ಲುವುದಿಲ್ಲ. ತಾನಾಗಿ ಬ್ರೇಕ್ ಹಾಕುವುದು ಈ ಮಾಡೆಲಿನಲ್ಲಿ ಇಲ್ಲ. ಯಾರಾದ್ರೂ ಒತ್ತಿರ್ಬೇಕು." ವಿಲ್ಲಿಯ ಎಡಗಾಲೇ ಗಾಬರಿಯಲ್ಲಿ ಅವನಿಗೆ ತಿಳಿಯದೆ ಒತ್ತಿತೆಂದು ನಾನು ನಂಬಲು ನೋಡಿದ್ದೇನೆ. ಹಗಲಿನಲ್ಲಿ ನಂಬುತ್ತೇನೆ. ಆದರೆ ಆ ಸದ್ದು?

ವಿಲ್ಲಿ ಆ ಬಟನನ್ನು ಮತ್ತೆ ಮುಟ್ಟಲಿಲ್ಲ. ಮೂರು ವರ್ಷದ ಮೇಲೆ ಅವನ ಹೃದಯ ಕೆಟ್ಟಿತು. ಚಿಕಿತ್ಸೆಗೆಂದು ದುಬೈಯಲ್ಲಿರುವ ಮಗಳು ಕರೆಸಿಕೊಂಡಳು. ಬಜಪೆಯ ಏರ್‌ಪೋರ್ಟಿನಲ್ಲಿ ಅವನನ್ನು ವೀಲ್‌ಚೇರಿನಲ್ಲಿ ಕೂರಿಸಿದರು. ತಳ್ಳುವವರು ಬರುವ ಮೊದಲು ನನ್ನ ಕೈ ಹಿಡಿದು, "ಬಾಯ್, ಆ ದಿನ ಒತ್ತಿದ್ದು ಯಾರು? ನಿಜ ಹೇಳು," ಎಂದ. ನನಗೆ ಗೊತ್ತಿಲ್ಲ ಎಂದೆ. ಅದು ನಿಜವೇ. ಅವನು ನನ್ನ ಪಾದಗಳನ್ನು ಒಂದು ಕ್ಷಣ ನೋಡಿ, ನಕ್ಕ.

ತಳ್ಳುವವರು ಬಂದು ಅವನನ್ನು ಒಳಗೆ ಕರೆದೊಯ್ದರು. ಬಾಗಿಲ ಆಚೆ ಸ್ವಲ್ಪ ಇಳಿಜಾರು. ಕುರ್ಚಿ ವೇಗ ಹಿಡಿಯಿತು. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಒಂದು ಸಲ, ಇನ್ನೊಂದು ಸಲ, ಮೂರನೆಯದು ಹಿಡಿದು. ಯಾವ ಸದ್ದೂ ಬರಲಿಲ್ಲ. ಕುರ್ಚಿ ನಿಲ್ಲದೆ ತಿರುವಿನಲ್ಲಿ ಮರೆಯಾಯಿತು. ವಿಲ್ಲಿಯನ್ನು ನಾನು ನೋಡಿದ್ದು ಅದೇ ಕೊನೆ.